ತೊಗರಿಕಾಳಿನಷ್ಟು ಪೇಸ್ಟ್, ಬೊಗಸೆ ತುಂಬ ಧೂಳು

ಕೊಂಡದ್ದು: ಆರ್ಕ್ಟಿಕ್ ಎಂಎಕ್ಸ್-4 ಥರ್ಮಲ್ ಪೇಸ್ಟ್ (ಕಂಪ್ಯೂಟರ್‌ನ ಮುಖ್ಯ ಚಿಪ್ ಆದ ಪ್ರೊಸೆಸರ್‌ಗೂ ಅದರ ಬಿಸಿ ಹೀರುವ ಲೋಹಕ್ಕೂ ನಡುವೆ ಹಚ್ಚುವಂಥದ್ದು), 4 ಗ್ರಾಂ ಸಿರಿಂಜ್. ಆನ್‌ಲೈನ್‌ನಲ್ಲಿ ತರಿಸಿದೆ, 500 ರೂಪಾಯಿಯ ಆಸುಪಾಸು. ಪೇಸ್ಟ್ ಒಳ್ಳೆಯದೇ, ಅದರಲ್ಲಿ ಮಾತಿಲ್ಲ. ಆದರೆ ನನ್ನ ಕಂಪ್ಯೂಟರ್ ತಣ್ಣಗಾದದ್ದರಲ್ಲಿ ದೊಡ್ಡ ಪಾಲು ಕಿಟಕಿಗೆ ಬಣ್ಣ ಬಳಿಯುವ ಒಂದಿಂಚಿನ ಬ್ರಷ್‌ನದು.

ಹೊಸಪೇಟೆಯಲ್ಲಿ ಮನೆಯಲ್ಲೇ ಕುಳಿತು ಡಿಟಿಪಿ ಮಾಡುತ್ತೇನೆ. ಲಗ್ನಪತ್ರಿಕೆ, ಕರಪತ್ರ, ಶಾಲೆಗಳ ಪ್ರಶ್ನೆಪತ್ರಿಕೆ. ನಮ್ಮ ಮನೆಯ ಮುಂದೆ ಹಾದುಹೋಗುವುದು ಸಂಡೂರಿನ ಕಡೆಯ ಅದಿರಿನ ಲಾರಿಗಳು. ಬೆಳಿಗ್ಗೆ ಒರೆಸಿದ ಮೇಜಿನ ಮೇಲೆ ಸಂಜೆ ಬೆರಳಿನಿಂದ ಹೆಸರು ಬರೆಯಬಹುದು. ಏಪ್ರಿಲ್ ಬಂತು, ಮದುವೆಗಳ ಸಾಲು ಶುರುವಾಯಿತು, ಕಂಪ್ಯೂಟರ್‌ನ ಫ್ಯಾನ್ ಹಿಟ್ಟಿನ ಗಿರಣಿಯಂತೆ ಕೂಗತೊಡಗಿತು. ಒಂದು ಮಧ್ಯಾಹ್ನ ‘ಸುಖಾಗಮನ ಬಯಸುವವರು’ ಎಂದು ಟೈಪ್ ಮಾಡಿ ಮುಗಿಸುವಷ್ಟರಲ್ಲಿ ಪರದೆ ಕಪ್ಪಾಯಿತು. ಬಯಸುವವರ ಹೆಸರುಗಳು ಹದಿನಾರು, ಒಂದನ್ನೂ ಸೇವ್ ಮಾಡಿರಲಿಲ್ಲ. “ಅದಕ್ಕೂ ಸೆಕೆಯಾಗುತ್ತದಮ್ಮಾ, ಪಾಪ” ಎಂದು ಅತ್ತೆ ತಮ್ಮ ಟೇಬಲ್ ಫ್ಯಾನನ್ನು ಅದರ ಕಡೆ ತಿರುಗಿಸಿಟ್ಟರು.

ರಿಪೇರಿ ಅಂಗಡಿಯೊಂದಕ್ಕೆ ಒಯ್ದೆ. ಮುಚ್ಚಳವನ್ನೂ ಬಿಚ್ಚದೆ “ಮದರ್‌ಬೋರ್ಡ್ ಹೋಗಿದೆ ಮೇಡಂ, ಹೊಸದೇ ತೆಗೆದುಕೊಳ್ಳಿ” ಎಂದರು. ಆಟೊದಲ್ಲಿ ಮಡಿಲ ಮೇಲಿಟ್ಟುಕೊಂಡು ವಾಪಸ್ ತಂದೆ.

ಒಳಗಿನ ಬಿಸಿ ಎಷ್ಟೆಂದು ತೋರಿಸುವ ಎಚ್‌ಡಬ್ಲ್ಯುಮಾನಿಟರ್ ಎಂಬ ಉಚಿತ ತಂತ್ರಾಂಶ ಹಾಕಿ ನೋಡಿದಾಗ ವಿಷಯ ತಿಳಿಯಿತು. ಸುಮ್ಮನಿದ್ದಾಗ 68 ಡಿಗ್ರಿ, ದೊಡ್ಡ ಪಿಡಿಎಫ್ ಮಾಡುವಾಗ 98. ನನ್ನದು ನಾಲ್ಕನೇ ತಲೆಮಾರಿನ ಐ5 ಪ್ರೊಸೆಸರ್. ನೂರರ ಹತ್ತಿರ ಹೋದರೆ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ, ಅದಕ್ಕೂ ಬಗ್ಗದಿದ್ದರೆ ಸುಟ್ಟುಹೋಗುವ ಬದಲು ಆರಿಹೋಗುತ್ತದೆ. ಅಂದರೆ ಬೋರ್ಡ್ ಹೋಗಿರಲಿಲ್ಲ, ಜೀವ ಉಳಿಸಿಕೊಳ್ಳುತ್ತಿತ್ತು.

ಬಿಸಿ ಇಳಿಸಲೆಂದು ತರಿಸಿದ ಪೇಸ್ಟ್ ಇನ್ನೂ ಬಂದಿರಲಿಲ್ಲ. ತಡೆಯಲಾರದೆ ಪ್ಲಗ್ ಕಿತ್ತು ಪಕ್ಕದ ಮುಚ್ಚಳ ತೆಗೆದೆ. ಮೇಲಿಂದ ನೋಡಿದರೆ ಅಂಥ ಕೊಳೆಯೇನೂ ಕಾಣಲಿಲ್ಲ. ಪ್ರೊಸೆಸರ್ ಮೇಲೆ ಕೂತು ಅದರ ಬಿಸಿ ಹೀರುವ ಲೋಹದ ಹೀಟ್ ಸಿಂಕ್‌ನ ಮೇಲಿನ ಫ್ಯಾನನ್ನಷ್ಟೇ ಬಿಡಿಸಿದಾಗ ಕಂಡದ್ದು ಕಂಬಳಿ! ಅಲ್ಯೂಮಿನಿಯಂ ಪಟ್ಟಿಗಳ ಮೇಲೆ, ಫ್ಯಾನ್‌ಗೆ ಸರಿಯಾಗಿ ಕೆಳಗೆ, ದುಂಡಗೆ ಕೂತಿತ್ತು. ಇಟ್ಟಿಗೆ ಬಣ್ಣ, ನಡುನಡುವೆ ಕೂದಲು, ದೇವರ ಮುಂದಿನ ಊದುಬತ್ತಿಯ ಹೊಗೆಗೋ ಏನೋ ತುಸು ಅಂಟು. ಒಂದು ತುದಿ ಹಿಡಿದೆತ್ತಿದರೆ ದೋಸೆಯಂತೆ ಇಡಿಯಾಗಿ ಎದ್ದುಬಂತು. ಫ್ಯಾನ್ ಅಷ್ಟು ದಿನ ಗಾಳಿ ಊದುತ್ತಿದ್ದದ್ದು ಇದರ ಮೇಲೆ. ಉಳಿದದ್ದನ್ನು ಬ್ರಷ್‌ನಿಂದ ಕೆದಕಿದೆ. (ಬ್ಲೋಯರ್ ಇರುವವರು ಗಾಳಿ ಬಿಡುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ಹಿಡಿದುಕೊಳ್ಳಿ, ಅದು ಹುಚ್ಚೆದ್ದು ತಿರುಗಬಾರದು.) ಮತ್ತೆ ಜೋಡಿಸಿ ಅದೇ ಪಿಡಿಎಫ್ ಮಾಡಿದೆ: 81 ಡಿಗ್ರಿ. ಖರ್ಚು ಸೊನ್ನೆ.

ನಾಲ್ಕು ದಿನದ ಮೇಲೆ ಪೇಸ್ಟ್ ಬಂತು. ಹತ್ತು ನಿಮಿಷ ಕಂಪ್ಯೂಟರ್ ಓಡಿಸಿ, ಹಳೆಯ ಪೇಸ್ಟ್ ಮೆತ್ತಗಾಗಲೆಂದು ಕಾದು, ಆಮೇಲೆ ಆರಿಸಿ, ಹೀಟ್ ಸಿಂಕ್ ಅನ್ನು ಸ್ವಲ್ಪ ಅತ್ತಿತ್ತ ತಿರುಚಿ ಎತ್ತಿದೆ. ಹಳೆಯದು ಒಣಗಿದ ವಿಭೂತಿಯಂತೆ ಉದುರುತ್ತಿತ್ತು. ಒರೆಸಲು ಐಸೊಪ್ರೊಪೈಲ್ ಆಲ್ಕೋಹಾಲ್ ಕೇಳಿದರೆ ಔಷಧದಂಗಡಿಯ ಹುಡುಗ ಸ್ಯಾನಿಟೈಸರ್ ಕೊಡಲು ಬಂದ. ಅದರಲ್ಲಿ ಗ್ಲಿಸರಿನ್ ಇರುತ್ತದೆ, ಜಿಡ್ಡು ಉಳಿಯುತ್ತದೆ. ಬೇಡವೆಂದು ಇನ್ನೊಂದು ಅಂಗಡಿಗೆ ಹೋದೆ.

ಎಂಎಕ್ಸ್-4 ಬೂದು ಬಣ್ಣದ್ದು, ಗಟ್ಟಿ ಬೆಣ್ಣೆಯ ಹದ. ವಿದ್ಯುತ್ ಹಾಯಿಸದ ಪೇಸ್ಟ್ ಆದ್ದರಿಂದ ಕೈ ನಡುಗುವ ನನ್ನಂಥವರಿಗೆ ಇದೇ ಸರಿ, ಬೋರ್ಡ್ ಮೇಲೆ ಸ್ವಲ್ಪ ತಾಗಿದರೆ ಗಾಬರಿಯಿಲ್ಲ. ಪ್ರೊಸೆಸರ್‌ನ ಮೇಲೆ ನಡುಮಧ್ಯದಲ್ಲಿ ತೊಗರಿಕಾಳಿನಷ್ಟು ಇಟ್ಟರೆ ಸಾಕು, ಹೀಟ್ ಸಿಂಕ್‌ನ ಒತ್ತಡಕ್ಕೆ ತಾನೇ ಹರಡಿಕೊಳ್ಳುತ್ತದೆ. ಇದು ಹೋಳಿಗೆಗೆ ತುಪ್ಪ ಸುರಿದಂತಲ್ಲ. ಎರಡು ಲೋಹಗಳ ನಡುವಿನ ಕೂದಲೆಳೆಯಷ್ಟು ಸಂದಿನಲ್ಲಿ ಗಾಳಿ ನಿಲ್ಲದಂತೆ ತುಂಬುವುದಷ್ಟೇ ಇದರ ಕೆಲಸ, ದಪ್ಪವಾದರೆ ಇದೇ ಅಡ್ಡಿ.

ಬೆವರಿಳಿಸಿದ್ದು ಪೇಸ್ಟ್ ಅಲ್ಲ, ಹೀಟ್ ಸಿಂಕ್‌ನ ನಾಲ್ಕು ಪ್ಲಾಸ್ಟಿಕ್ ಕಾಲುಗಳು. ಎದುರುಬದುರು ಮೂಲೆಗಳನ್ನು ಜೋಡಿಯಾಗಿ ಒತ್ತಬೇಕು, ‘ಟಕ್’ ಎನ್ನಬೇಕು. ಮೂರು ಎಂದವು. ನಾಲ್ಕನೆಯದು ಎಂದಂತೆ ನಟಿಸಿತು. ಆನ್ ಮಾಡಿದ ಕೂಡಲೇ 90 ದಾಟಿತು, ಪೇಸ್ಟ್‌ಗೆ ಶಾಪ ಹಾಕಿದೆ. ಬೋರ್ಡ್‌ನ ಹಿಂಬದಿಗೆ ಟಾರ್ಚ್ ಬಿಟ್ಟು ನೋಡಿದರೆ ಒಂದು ಕಾಲು ಹೊರಗೇ ಬಂದಿರಲಿಲ್ಲ. ಮತ್ತೆ ಒರೆಸಿ, ಮತ್ತೆ ತೊಗರಿಕಾಳು, ಮತ್ತೆ ಒತ್ತು. ಈಗ ಅದೇ ಪಿಡಿಎಫ್‌ಗೆ 70.

ಲೆಕ್ಕ ಹೀಗಾಯಿತು: ಬ್ರಷ್ ಇಳಿಸಿದ್ದು 17 ಡಿಗ್ರಿ, ಪೇಸ್ಟ್ ಇಳಿಸಿದ್ದು 11. ಪೇಸ್ಟ್‌ಗೆ ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಒಂದು ಕಳೆದದ್ದು ಒಂದೇ ಕಂಪ್ಯೂಟರ್ ಇರುವವರಿಗೆ 4 ಗ್ರಾಂ ಹೆಚ್ಚಾಯಿತೆಂದು. ಎರಡು ಸಲ ಬಳಸಿಯೂ ಸಿರಿಂಜ್‌ನಲ್ಲಿ ಮುಕ್ಕಾಲು ಪಾಲು ಉಳಿದಿದೆ, ಮುಚ್ಚಳ ಬಿಗಿದು ಡ್ರಾಯರ್‌ನಲ್ಲಿಟ್ಟಿದ್ದೇನೆ. ಅಡ್ಡರಸ್ತೆಯಲ್ಲಿರುವ ತಮ್ಮನ ಕಂಪ್ಯೂಟರ್ ಕೂಡ ಕೂಗುತ್ತಿದೆಯಂತೆ. ಭಾನುವಾರ ಹೋಗುತ್ತೇನೆ, ಮೊದಲು ಬ್ರಷ್ ಒಂದನ್ನೇ ಹಿಡಿದುಕೊಂಡು.