ಭೋಸರಿಯಲ್ಲಿ ‘ನಮ್ಮ ಕಡೆಯವನು’ ಅಂತ ನಂಬಿ ಗಾಡಿ ಕೊಡೋ ಮುಂಚೆ ಇದನ್ನ ಓದಿ

ನಿನ್ನೆ ಬೆಳಿಗ್ಗೆ, ಪುಣೆ ಹತ್ರದ ಭೋಸರಿಯಲ್ಲಿ ನಮ್ಮ ಗಾಡಿ ರಿಪೇರಿ ಮಾಡಿದ ಗ್ಯಾರೇಜಿನವನ ವಾಟ್ಸ್‌ಆ್ಯಪ್ ಮೆಸೇಜ್ ಬಂತು. ನನಗೊಬ್ಬಳಿಗೇ ಅಲ್ಲ, ಗಿರಾಕಿಗಳಿಗೆಲ್ಲಾ ಒಟ್ಟಿಗೆ ಕಳಿಸಿದ್ದು. ‘ಮಳೆಗಾಲದ ಆಫರ್, ರೂಫ್ ಸೀಲಿಂಗ್ ಮೇಲೆ 20% ರಿಯಾಯಿತಿ.’ ಅಂದ್ರೆ ಛಾವಣಿ ಸೋರದ ಹಾಗೆ ಸಂದಿ ಮುಚ್ಚೋ ಕೆಲಸ. ಕೆಳಗೊಂದು ಫೋಟೋ. ಫೋಟೋದಲ್ಲಿರೋದು ನಮ್ಮ ಗಾಡಿ! ಹಿಂದಿನ ಏಣಿಗೆ ನಾನೇ ಕಟ್ಟಿದ ಕೆಂಪು ದಾರ ಕೂಡ ಕಾಣ್ತಿದೆ. ನಾಚಿಕೆಗೆ ಎರಡು ತಿಂಗಳು ಬಾಯಿ ಮುಚ್ಚಿಕೊಂಡಿದ್ದೆ, ಇನ್ನಾಗಲ್ಲ.

ನಾನು, ನನ್ನ ಗಂಡ ಎರಡು ವರ್ಷದಿಂದ ಪುಣೆ ಸುತ್ತಮುತ್ತ ಹಳೇ ಟೆಂಪೋ ಟ್ರಾವೆಲರ್ ಒಂದರಲ್ಲೇ ಸಂಸಾರ ಮಾಡ್ತಿದ್ದೀವಿ. 2012ರ ಗಾಡಿ. ಸೀಟು ಕಿತ್ತು ಮಂಚ, ಸಿಂಕು, ಒಂದು ಒಲೆ ಕೂರಿಸಿದ್ದು. ಆರ್‌ಸಿಯಲ್ಲೂ ಕ್ಯಾಂಪರ್ ಅಂತಲೇ ಇದೆ, ಹಿಂದಿನ ಮಾಲೀಕರು ಆ ಒಂದು ಪುಣ್ಯ ಕಟ್ಕೊಂಡಿದ್ರು. ಇಂಥ ಗಾಡೀಲಿ ಇರೋರಿಗೆ ಗೊತ್ತು, ಎಂಜಿನ್ನು ಅಷ್ಟಾಗಿ ಕಾಡಲ್ಲ, ಕಾಡೋದು ನೀರು. ಮೇಲೆ ಕಿಟಕಿ ಹತ್ರ ಒಳಗೆ ಬರುತ್ತೆ, ತಗಡಿನ ಸಂದೀಲಿ ಹರಿದು ಎಲ್ಲೋ ನಾಲ್ಕಡಿ ಆಚೆ ತಲೆ ಹಾಕುತ್ತೆ. ಹೋದ ಮಳೆಗಾಲದಲ್ಲಿ ಹಿಂದಿನ ಎಡ ಮೂಲೇಲಿ ಹನಿ ಶುರುವಾಗಿ ಗೋಡೆಯ ಪ್ಲೈ, ಕೆಳಗಿನ ನೆಲದ ಪ್ಲೈ ಎರಡೂ ಮೆತ್ತಗಾಗಿದ್ವು.

ಮೇ ತಿಂಗಳಲ್ಲಿ ಭೋಸರಿ ಕಡೆ ಈ ಗ್ಯಾರೇಜಿಗೆ ಹೋದ್ವಿ. ನಾವಿಬ್ಬರು ಕನ್ನಡದಲ್ಲಿ ಮಾತಾಡೋದು ಕೇಳಿ ಆತ ಒಳಗಿಂದ ಕೈ ಒರೆಸ್ಕೋತಾ ಬಂದ. ‘ಯಾವೂರ್ರಿ ಅಕ್ಕಾರ?’ ಧಾರವಾಡ ಅಂದೆ. ಅಷ್ಟೇ. ಚಹಾ ಬಂತು, ಕುರ್ಚಿ ಬಂತು. ‘ಮನಿ ಮಂದಿ ಇದ್ದಂಗ ಇದ್ದೀರಿ, ನಿಮಗ್ಯಾಕ ಮೋಸಾ ಮಾಡ್ಲಿ?’ ಮೋಸದ ಮಾತು ನಾವ್ಯಾರೂ ಎತ್ತಿರಲಿಲ್ಲ, ಅವನೇ ಎತ್ತಿದ. ಆಗಲೇ ಏಳಬೇಕಿತ್ತು. ನನ್ನ ಗಂಡ ಇನ್ನೆರಡು ಕಡೆ ಕೇಳೋಣ ಅಂದ್ರು. ನಾನೇ ‘ನಮ್ಮವ್ರು ಇದ್ದಾರಲ್ಲ’ ಅಂದೆ. ಈ ಮಾತು ಈಗ ಮನೇಲಿ ಗಾದೆ ಆಗಿದೆ, ಹಾಲು ಕೆಟ್ಟರೂ ‘ನಮ್ಮವ್ರು ಇದ್ದಾರಲ್ಲ’ ಅಂತಾರೆ.

ಲೆಕ್ಕ ಇಷ್ಟು. ರೂಫ್ ಸೀಲಿಂಗ್ 18,000. ನೀರು ತಡೆಯೋ ಮರೀನ್ ಪ್ಲೈ ಹಾಕಿ ಮೂಲೆಯ ಗೋಡೆ, ನೆಲ ಬದಲಿಸೋಕೆ 34,000. ಒಳಗೆಲ್ಲಾ ಹೊಸ ಲ್ಯಾಮಿನೇಟ್ 12,000. 100 ಆಂಪಿಯರ್ ಅವರ್ ಲಿಥಿಯಂ ಬ್ಯಾಟರಿ 28,000. ಒಟ್ಟು 92,000, ಅದ್ರಲ್ಲಿ 60,000 ಅಡ್ವಾನ್ಸ್. ಬಿಲ್ ಕೇಳಿದ್ದಕ್ಕೆ ‘ಬಿಲ್ ಮಾಡಿದ್ರ 18% ಜಿಎಸ್‌ಟಿ ಸೇರ್ತದ, ಸುಮ್ನ ಯಾಕ್ರಿ ಅಕ್ಕಾರ’ ಅಂದ. ನಾನೂ ಹೂಂ ಅಂದೆ. ಹೂಂ ಅಂದೆ, ಬರೆಯೋಕೇ ನಾಚಿಕೆ ಆಗುತ್ತೆ.

ಎಂಟು ದಿನ ಅಂದಿದ್ದು ಇಪ್ಪತ್ಮೂರು ದಿನ ಆಯ್ತು. ಅಷ್ಟು ದಿನ ನಿಗಡಿಯಲ್ಲಿ ಚಿಕ್ಕಮ್ಮನ ಮಗಳ ಮನೆಯ ಹಾಲ್‌ನಲ್ಲಿ ಮಲಗಿದ್ವಿ. ನೋಡೋಕೆ ಬರ್ತೀನಿ ಅಂದ್ರೆ ‘ನೀವು ನಿಂತ್ರ ಹುಡುಗ್ರು ನಾಚ್ಕೋತಾರ, ಕೆಲಸಾ ಓಡಂಗಿಲ್ಲ’. ಬಿಡಿಸಿಕೊಳ್ಳೋಕೆ ಹೋದ ದಿನ ಒಳಗೆ ಫಳಫಳ. ಹಳೇ ಪ್ಲೈ ಎಲ್ಲಿ ಅಂದೆ. ‘ಎಲ್ಲಾ ಕೊಳತಿತ್ರಿ, ಕಸದಾಗ ಒಗದ್ವಿ.’ ಬ್ಯಾಟರಿ ಎತ್ತಿ ನೋಡೋಣ ಅಂತ ಹಿಡಿಕೆ ಹಿಡಿದೆ, ಅಲ್ಲಾಡಲಿಲ್ಲ. ‘ಒಳ್ಳೇ ಮಾಲು ಭಾರ ಇರ್ತದ ಅಕ್ಕಾರ.’ ನಾನು ನಕ್ಕೆ! ಬಾಕಿ ದುಡ್ಡೂ ಕಳಿಸಿದೆ.

ಜೂನ್‌ನಲ್ಲಿ ಮುಳಶಿ ಕಡೆ ಹೋಗಿ ನಿಲ್ಲಿಸಿದ್ವಿ. ತಾಮ್ಹಿಣಿ ಘಾಟಿನ ಮಳೆ ಅಂದ್ರೆ ಏನು ಅಂತ ಪುಣೆಯವರಿಗೆ ಹೇಳಬೇಕಾಗಿಲ್ಲ. ರಾತ್ರಿ ಹನ್ನೊಂದಕ್ಕೆ ಕಾಲಿಗೆ ತಣ್ಣಗಾಯ್ತು. ದೀಪ ಹಾಕಿದ್ರೆ ಅದೇ ಎಡ ಮೂಲೆ, ಚಹಾದ ಬಣ್ಣದ ನೀರು ಇಳೀತಿದೆ. ಮಂಚದ ಕೆಳಗೆ ಅವ್ವ ಕಳಿಸಿದ ಕಡಕ್ ರೊಟ್ಟಿ ಡಬ್ಬಿ, ಮುಚ್ಚಳದ ಸಂದಿಯಿಂದ ನೀರು ಹೋಗಿ ನಲವತ್ತು ರೊಟ್ಟಿ ಅಂಬಲಿ ಆಗಿದ್ವು. ಹೊಸ ಲ್ಯಾಮಿನೇಟ್ ಮೇಲೆ ಹೆಬ್ಬೆರಳು ಒತ್ತಿದೆ. ಒಳಗೆ ಹೋಯ್ತು. ಮಾಗಿದ ಬಾಳೆಹಣ್ಣು ಒತ್ತಿದ ಹಾಗೆ.

ನನ್ನ ಗಂಡ ಚಾಕು ತೂರಿಸಿ ಹಾಳೆ ಎಬ್ಬಿಸಿದ್ರು. ಕೆಳಗೆ ಕಪ್ಪಗೆ ಕೊಳೆತ ಪ್ಲೈ. ಅದರ ಮೇಲೆ ಸ್ಕೆಚ್ ಪೆನ್ನಿನ ಬಾಣದ ಗುರುತು, ಪಕ್ಕದಲ್ಲಿ ‘ಇಲ್ಲಿಂದ ನೀರು’. ನನ್ನದೇ ಅಕ್ಷರ. ಗ್ಯಾರೇಜಿಗೆ ಕೊಡೋ ಹಿಂದಿನ ದಿನ, ಅವರಿಗೆ ಹುಡುಕೋಕೆ ಸುಲಭ ಆಗ್ಲಿ ಅಂತ ನಾನೇ ಬರೆದಿದ್ದು! ಅವರು ಅದನ್ನ ಓದಿದ್ದಾರೆ. ಓದಿ, ಅದರ ಮೇಲೇ ಫೆವಿಕಾಲ್ ಸುರಿದು ಹಾಳೆ ಅಂಟಿಸಿದ್ದಾರೆ. ಆ ‘ಇಲ್ಲಿಂದ ನೀರು’ ನೋಡ್ತಾ ಎಷ್ಟು ಹೊತ್ತು ಕೂತಿದ್ನೋ ಗೊತ್ತಿಲ್ಲ. ದುಡ್ಡಿಗಿಂತ ಅದು ಉರೀತು. ಈಗಲೂ ಉರಿಯುತ್ತೆ.

ಬೆಳಿಗ್ಗೆ ಮಳೆ ಬಿಟ್ಟಾಗ ಏಣಿ ಹತ್ತಿದೆ. ಹಳೇ ಸಿಲಿಕೋನ್ ಕೆರೆಯದೇ ಅದರ ಮೇಲೇ ಹೊಸದು ಮೆತ್ತಿದ್ದಾರೆ. ಸಿಲಿಕೋನ್ ಮೇಲೆ ಸಿಲಿಕೋನ್ ಹಿಡಿಯಲ್ಲ ಅಂತ ಅಕ್ವೇರಿಯಂ ಮಾಡೋ ಹುಡುಗನಿಗೂ ಗೊತ್ತು. ಉಗುರಲ್ಲಿ ಎಳೆದೆ, ಹಾಲಿನ ಕೆನೆ ಎದ್ದ ಹಾಗೆ ಉದ್ದಕ್ಕೆ ಎದ್ದು ಬಂತು. ಮೇಲ್ಕಿಟಕಿಯ ತುಕ್ಕು ಹಿಡಿದ ಸ್ಕ್ರೂಗಳನ್ನ ಯಾರೂ ಮುಟ್ಟೇ ಇಲ್ಲ.

ಫೋಟೋ ಕಳಿಸಿ ಫೋನ್ ಮಾಡಿದೆ. ಅವನ ಉತ್ತರ ಹಾಗೇ ಬರೀತೀನಿ: ‘ಅಕ್ಕಾರ, ಅದು ಲೀಕೇಜ್ ಅಲ್ರಿ. ನೀವು ಒಳಗ ಅಡಗಿ ಮಾಡ್ತೀರಿ, ಉಸುರು ಬಿಡ್ತೀರಿ, ಆ ಹಬಿ ತಗಡಿಗೆ ತಾಗಿ ನೀರಾಗತೈತಿ.’

ಉಸಿರು ಬಿಡ್ತೀವಂತೆ! ತಪ್ಪು ನಮ್ಮದೇ.

ಹಬೆ ನೀರಾಗೋದು ನಮಗೂ ಗೊತ್ತು, ಡಿಸೆಂಬರ್ ಬೆಳಿಗ್ಗೆ ಗಾಜಿನ ಮೇಲೆಲ್ಲಾ ಬೆವರಿದ ಹಾಗೆ ಕೂರುತ್ತೆ. ಒಂದೇ ಮೂಲೇಲಿ, ಮಳೆ ಬಂದಾಗ ಮಾತ್ರ, ಕಂದು ಬಣ್ಣದಲ್ಲಿ ಇಳಿಯಲ್ಲ. ಸರಿ, ಆ ಬಾಣದ ಗುರುತು ಏನು ಅಂದೆ. ‘ಹುಡುಗ್ರು ತಪ್ಪಿ ಬಿಟ್ಟಿರಬೇಕ್ರಿ.’ ಆಮೇಲೆ ನಾಲ್ಕು ದಿನ ಫೋನ್ ಎತ್ತಲಿಲ್ಲ.

ಅದರ ನಡುವೆ ಬ್ಯಾಟರಿ. ಒಂದು ರಾತ್ರಿ ಫ್ಯಾನ್ ಓಡಿಸೋಕೂ ಆಗ್ತಿರಲಿಲ್ಲ. ಪುಣೆಯ ಬುಧವಾರ ಪೇಟೆಯಲ್ಲಿ ಎಲೆಕ್ಟ್ರಾನಿಕ್ಸ್ ಅಂಗಡಿಗಳಿರೋ ತಪಕೀರ್ ಗಲ್ಲಿಗೆ ಹೊತ್ಕೊಂಡು ಹೋದ್ವಿ, ಇಬ್ಬರೂ ಸೇರಿ. ಅಂಗಡಿಯವರು ಮೀಟರ್ ಹಚ್ಚೋ ಮುಂಚೆ, ನಾವು ಹೊತ್ತು ತಂದ ರೀತಿ ನೋಡೇ ನಕ್ಕರು. 100 ಆಂಪಿಯರ್ ಅವರ್ ಲಿಥಿಯಂ ಹತ್ತು ಹನ್ನೆರಡು ಕಿಲೋ ಇರುತ್ತೆ. ಇದು ಮೂವತ್ತರ ಹತ್ತಿರ. ಫುಲ್ ಚಾರ್ಜ್ ಮಾಡಿ ಬಿಟ್ಟರೆ ಲಿಥಿಯಂ 13.2 ವೋಲ್ಟ್ ಮೇಲೆ ತೋರಿಸಬೇಕು, ಇದು 12.6. ಸೀಸದ ಬ್ಯಾಟರಿಗೆ ಲಿಥಿಯಂ ಸ್ಟಿಕರ್. ಒಳ್ಳೇ ಮಾಲು ಭಾರ ಇರ್ತದ!

ಕೊನೆಗೆ ಗ್ಯಾರೇಜಿಗೇ ಹೋಗಿ ನಿಂತೆ. ಗಿರಾಕಿಗಳು ನಾಲ್ಕು ಜನ ಇದ್ರು. ನಾನು ಕನ್ನಡದಲ್ಲಿ ಶುರು ಮಾಡಿದೆ. ಅವನು ತಲೆ ಎತ್ತದೆ ಮರಾಠಿಯಲ್ಲಿ, ‘ಮ್ಯಾಡಮ್, ಕಾಮ ಝಾಲಂ, ವಿಷಯ ಸಂಪಲಾ’ ಅಂದ. ಕೆಲಸ ಆಯ್ತು, ವಿಷಯ ಮುಗೀತು. ಅಕ್ಕ ಹೋಗಿ ಮ್ಯಾಡಮ್ ಆದೆ. ನನಗೆ ಮರಾಠಿ ಬರುತ್ತೆ, ಬೈಯೋಕೂ ಬರುತ್ತೆ, ಆ ಹೊತ್ತಿಗೆ ಒಂದು ಶಬ್ದ ಹೊರಡಲಿಲ್ಲ.

ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿದೆ. ಮೊದಲು ಕೇಳಿದ್ದೇ ಬಿಲ್ ಇದೆಯಾ ಅಂತ. ಯುಪಿಐ ರಸೀದಿ, ಮೆಸೇಜು, ಫೋಟೋ ಇಟ್ಕೊಂಡು ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗೋದು ಅಂತ ಈಗ ವಕೀಲರ ಹತ್ರ ಮಾತಾಡ್ತಿದ್ದೀವಿ. 5 ಲಕ್ಷದವರೆಗೆ ಶುಲ್ಕ ಇಲ್ಲ, ಅದೊಂದು ಸಮಾಧಾನ. ಕೇಸ್ ಹಾಕೋದಿದೆ ಅಂತಲೇ ಗ್ಯಾರೇಜಿನ ಹೆಸರು ಬರೀತಿಲ್ಲ.

ನೀವು ಕೊಡೋದಾದ್ರೆ ಬಿಲ್ ತಗೊಳ್ಳಿ, 18% ಹೋದ್ರೆ ಹೋಗ್ಲಿ. ಹಾಳೆ ಅಂಟಿಸೋ ಮುಂಚೆ ಪ್ಲೈ ಮೇಲಿನ ಐಎಸ್ 710 ಮುದ್ರೆ (ಮರೀನ್ ಪ್ಲೈ ಅನ್ನೋ ಗುರುತು) ಕಣ್ಣಾರೆ ನೋಡಿ, ಕಿತ್ತಿದ್ದ ಹಳೇದನ್ನ ವಾಪಸ್ ಕೇಳಿ. ಛಾವಣಿಗೆ ಹಳೇ ಸೀಲಂಟ್ ಪೂರಾ ಕೆರೆದ ಮೇಲೇ ಬ್ಯುಟೈಲ್ ಟೇಪೋ (ರಬ್ಬರಿನ ಅಂಟುಪಟ್ಟಿ) ಪಿಯುನೋ (ಪಾಲಿಯುರೆಥೇನ್ ಸೀಲಂಟ್) ಹಾಕಿಸಿ. ಬಾಕಿ ಕೊಡೋ ಮುಂಚೆ ಅರ್ಧ ಗಂಟೆ ಪೈಪಿನಲ್ಲಿ ನೀರು ಬಿಡಿ. ಹುಡುಗ್ರು ನಾಚ್ಕೊಂಡ್ರೆ ನಾಚ್ಕೊಳ್ಲಿ.

ಗಾಡಿ ಈಗ ತಳೇಗಾಂವ್‌ನಲ್ಲಿ ಸ್ನೇಹಿತರ ಕಾಂಪೌಂಡಿನಲ್ಲಿ ತಾಡಪತ್ರಿ ಹೊದ್ದು ನಿಂತಿದೆ. ಒಳಗೆಲ್ಲಾ ಮುಗ್ಗಿದ ವಾಸನೆ. ಮಳೆ ನಿಲ್ಲದೆ ಒಣಗಲ್ಲ, ಒಣಗದೆ ಹೊಸ ಪ್ಲೈ ಕೂರಿಸೋ ಹಾಗಿಲ್ಲ. ಆ ಬಾಣದ ಗುರುತಿರೋ ತುಂಡನ್ನ ಮಾತ್ರ ಕತ್ತರಿಸಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಇಟ್ಟಿದ್ದೀನಿ, ಆಯೋಗದಲ್ಲಿ ತೋರಿಸೋಕೆ.