ಸ್ಕೀಟರ ಪದಮೂಲ ನಿಘಂಟು: ‘ಡನ್ಸ್’ ಎಂಬ ಬೈಗುಳವಿಟ್ಟು ನೋಡಿದಾಗ

ಕೇಂಬ್ರಿಜ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ವಾಲ್ಟರ್ ಸ್ಕೀಟ್ 1882ರಲ್ಲಿ ಮೊದಲು ಹೊರತಂದ ಇಂಗ್ಲಿಷ್ ಪದಮೂಲಗಳ ಸಂಕ್ಷಿಪ್ತ ನಿಘಂಟಿನ ಮರುಮುದ್ರಣವೊಂದು ಪಣಜಿಯ ಹಳೆ ಪುಸ್ತಕದಂಗಡಿಯಲ್ಲಿ 150 ರೂಪಾಯಿಗೆ ಸಿಕ್ಕಿತು. ವಾಸ್ಕೋದ ಕನ್ನಡ ಮನೆಗಳ ಮಕ್ಕಳಿಗೆ ಇಂಗ್ಲಿಷ್ ಪಾಠ ಹೇಳುವ ನನಗೆ ಇದು ಎಷ್ಟರಮಟ್ಟಿಗೆ ಒದಗೀತು ಎಂದು ತಿಳಿಯಲು, ಶತದಡ್ಡ ಎಂಬರ್ಥದ ‘ಡನ್ಸ್’ ಎಂಬ ಹಳೆಯ ಬೈಗುಳವನ್ನೇ ಮೊದಲು ತೆಗೆದು ನೋಡಿದೆ.

ಮೂಲದ ಮಟ್ಟಿಗೆ ನಿಘಂಟು ಚೊಕ್ಕವಾಗಿದೆ. ಸ್ಕಾಟ್ಲೆಂಡಿನ ಡನ್ಸ್ ಎಂಬ ಊರು, ಅಲ್ಲಿಂದ ಹೆಸರು ಪಡೆದು 1308ರಲ್ಲಿ ತೀರಿಕೊಂಡ ಜಾನ್ ಡನ್ಸ್ ಸ್ಕೋಟಸ್ ಎಂಬ ಪಂಡಿತ, ಆತನ ಶಿಷ್ಯರನ್ನು ಅಣಕಿಸಲು ಹುಟ್ಟಿದ ಪದ ಎಂಬಷ್ಟನ್ನು ಕೆಲವೇ ಸಾಲುಗಳಲ್ಲಿ ಹೇಳಿ ಮುಗಿಸುತ್ತದೆ. ಸ್ಕೋಟಸನೇ ದಡ್ಡರಿಗೆ ಚೂಪು ಟೊಪ್ಪಿಗೆ ಹಾಕಲು ಹೇಳಿದನೆಂದು ಮೊಬೈಲುಗಳಲ್ಲಿ ಓಡಾಡುವ ಕಥೆಗೆ ಗಟ್ಟಿ ಆಧಾರವಿಲ್ಲ. ಅಂಥದ್ದಕ್ಕೆ ಸ್ಕೀಟ್ ಜಾಗ ಕೊಟ್ಟಿಲ್ಲ.

ಆದರೆ ಬಳಕೆಯ ವಿಷಯಕ್ಕೆ ಬಂದರೆ ನಿಘಂಟು ಕೈಕೊಡುತ್ತದೆ. ತರ್ಕದ ಸೂಕ್ಷ್ಮತೆಗಾಗಿ ‘ಸೂಕ್ಷ್ಮಮತಿ ಆಚಾರ್ಯ’ ಎಂದೇ ಬಿರುದು ಪಡೆದಿದ್ದ ಮನುಷ್ಯನ ಹೆಸರು ದಡ್ಡತನಕ್ಕೆ ಅಂಟಿಕೊಂಡದ್ದು ಹೇಗೆ ಎಂಬ ಸ್ವಾರಸ್ಯದ ಭಾಗವೇ ಇಲ್ಲಿ ಕಾಣುವುದಿಲ್ಲ. ಹದಿನಾರನೆಯ ಶತಮಾನದಲ್ಲಿ ಗ್ರೀಕ್ ಮೊದಲಾದ ಹೊಸ ವಿದ್ಯೆಯ ಪರವಾಗಿದ್ದವರು, ಹಳೆಯ ತರ್ಕಕ್ಕೇ ಜೋತುಬಿದ್ದಿದ್ದ ಸ್ಕೋಟಸನ ಅನುಯಾಯಿಗಳನ್ನು ಡನ್ಸ್ ಎಂದು ಮೂದಲಿಸಿದರು; ಆಗ ಆ ಮಾತಿಗೆ ಕೂದಲು ಸೀಳುವ ವಾದಿ ಎಂಬ ಅರ್ಥವಿತ್ತು, ಮುಂದೆ ಓದಿಯೂ ಬುದ್ಧಿ ಬಾರದವನು ಎಂದಾಯಿತು, ಕೊನೆಗೆ ಓದೇ ತಲೆಗೆ ಹತ್ತದವನು ಎಂಬಲ್ಲಿಗೆ ಬಂದು ನಿಂತಿತು. 1535ರಲ್ಲಿ ಆಕ್ಸ್‌ಫರ್ಡಿಗೆ ತಪಾಸಣೆಗೆ ಹೋಗಿದ್ದ ರಿಚರ್ಡ್ ಲೇಟನ್, ಡನ್ಸನನ್ನು, ಅಂದರೆ ಅವನ ಗ್ರಂಥಗಳನ್ನು, ಊರಿನ ಸೆರೆಮನೆಯಾದ ಬೊಕಾರ್ಡೋಗೆ ತಳ್ಳಿದ್ದೇವೆ ಎಂದು ದೊರೆ ಎಂಟನೆಯ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್‌ಗೆ ಗೆಲುವಿನಿಂದ ಬರೆದ. ಆ ಗ್ರಂಥಗಳ ಹರಿದ ಹಾಳೆಗಳು ಅಲ್ಲಿನ ನ್ಯೂ ಕಾಲೇಜಿನ ಅಂಗಳದ ತುಂಬ ಗಾಳಿಗೆ ಹಾರಾಡುತ್ತಿದ್ದವಂತೆ. ಜಿಂಕೆಗಳು ಕಾಡು ಬಿಟ್ಟು ಹೊರಬಾರದಂತೆ ಬೆದರಿಕೆಗೆ ಕಟ್ಟಲು ಬಕಿಂಗ್‌ಹ್ಯಾಮ್‌ಷೈರಿನ ಒಬ್ಬ ಸದ್ಗೃಹಸ್ಥ ಅವನ್ನು ಆಯ್ದುಕೊಳ್ಳುತ್ತಿದ್ದನಂತೆ. ಇಂಥ ಒಂದು ಉಲ್ಲೇಖವಿದ್ದರೆ ಪದ ಎಂದಿಗೂ ಮರೆಯುವುದಿಲ್ಲ. 1884ರಿಂದ 1928ರವರೆಗೆ ಕಂತುಗಳಲ್ಲಿ ಬಂದ ಆಕ್ಸ್‌ಫರ್ಡ್ ಮಹಾನಿಘಂಟು ಇಸವಿಸಮೇತ ಉದಾಹರಣೆ ಕೊಟ್ಟು ಮಾಡುವ ಕೆಲಸವನ್ನು ಒಂದೇ ಸಂಪುಟದಿಂದ ಬಯಸುವುದು ಅತಿಯಾಸೆ ಇದ್ದೀತು, ಆದರೂ ಕೊರತೆ ಕೊರತೆಯೇ.

ಗೋವೆಯ ಮಕ್ಕಳಿಗೆ ಈ ಕಥೆ ಹೇಳಲು ಇನ್ನೊಂದು ಅನುಕೂಲವಿದೆ. ಪಣಜಿಯ ಎತ್ತರದ ಮೆಟ್ಟಿಲುಗಳ ಬಿಳಿಯ ಇಗರ್ಜಿ ಯಾರ ಹೆಸರಿನಲ್ಲಿದೆಯೋ, ಡಿಸೆಂಬರ್ 8ರಂದು ಯಾರ ಹಬ್ಬ ನಡೆಯುತ್ತದೆಯೋ, ಆ ಮಾತೆ ಮೇರಿಯು ಗರ್ಭದಲ್ಲಿ ಮೂಡಿದಾಗಲೇ ಪಾಪರಹಿತಳಾಗಿದ್ದಳೆಂಬ ಸಿದ್ಧಾಂತಕ್ಕೆ ಬಲವಾದ ವಾದ ಕಟ್ಟಿಕೊಟ್ಟವರಲ್ಲಿ ಇದೇ ಸ್ಕೋಟಸ್ ಪ್ರಮುಖ. ರೋಮ್ ಅದನ್ನು 1854ರಲ್ಲಿ ಅಧಿಕೃತವಾಗಿ ಸಾರಿತು. 1993ರಲ್ಲಿ ಸ್ಕೋಟಸನನ್ನೂ ಪುನೀತನೆಂದು ಮಾನ್ಯ ಮಾಡಿತು. ಬೈಗುಳವೇನೂ ಇದರಿಂದ ಬದಲಾಗಲಿಲ್ಲ.

ಅಕ್ಷರಗಳು ತೀರ ಸಣ್ಣವು, ಎರಡೆರಡು ಕಂಬಸಾಲು. ಫ್ರೆಂಚಿಗೆ ‘ಎಫ್’, ಲ್ಯಾಟಿನ್‌ಗೆ ‘ಎಲ್’ ಎಂಬಂಥ ಸಂಕೇತಗಳು ರೂಢಿಯಾಗುವವರೆಗೆ ಮುನ್ನುಡಿಗೆ ಮತ್ತೆ ಮತ್ತೆ ಮರಳಬೇಕಾಗುತ್ತದೆ. ಶಿಕ್ಷಕರು, ಅನುವಾದಕರು ಈ ಬೆಲೆಗೆ ಸಿಕ್ಕರೆ ಬಿಡಬಾರದು. ಹತ್ತನೆಯ ತರಗತಿಯೊಳಗಿನ ಮಕ್ಕಳಿಗೆ ನಾನು ಇದನ್ನು ಶಿಫಾರಸು ಮಾಡಲಾರೆ.