ಹಲವು ಫೈಬರ್ ಲೇಸರ್, ಒಂದು ಕಿರಣ: ಬಾಗುವ ಕನ್ನಡಿಯೋ, ಫೇಸ್ ತಿದ್ದುವುದೋ?

ಕಾರವಾರದ ಟಾಗೋರ್ ಬೀಚಿನಲ್ಲಿ ಮಧ್ಯಾಹ್ನ ನಿಂತು ಕೂರ್ಮಗಡದ ಕಡೆ ನೋಡಿ. ಬಿಸಿಲು ಜೋರಿದ್ದರೆ ದ್ವೀಪದ ಅಂಚು ನಡುಗಿದಂತೆ ಕಾಣುತ್ತದೆ. ಕಾದ ಗಾಳಿ ಲೇಸರ್ ಕಿರಣವನ್ನೂ ಹಾಗೇ ಕೆಡಿಸುತ್ತದೆ. ಹಲವು ಫೈಬರ್ ಲೇಸರ್‌ಗಳ (ಗಾಜಿನ ಎಳೆಯಲ್ಲಿ ಬೆಳಕು ಹುಟ್ಟಿಸುವ ಲೇಸರ್) ಕಿರಣಗಳನ್ನು ಸೇರಿಸಿ ಒಂದೇ ಕಿರಣ ಮಾಡುವಾಗ ಇಂಥ ಕೆಡುಕನ್ನು ತಿದ್ದಲು ಎರಡು ದಾರಿ: ಮೈ ಬಾಗಿಸಬಹುದಾದ ಕನ್ನಡಿ, ಇಲ್ಲವೇ ಪ್ರತಿ ಕಿರಣದ ಫೇಸ್, ಅಂದರೆ ಅದರ ಅಲೆಯ ಏರಿಳಿತದ ಹೊಂದಾಣಿಕೆ, ತಿದ್ದುವುದು.

ನಿಮ್ಮ ಕಿರಣಗಳು ಬೇರೆ ಬೇರೆ ತರಂಗಾಂತರದವಾಗಿದ್ದು, ಗ್ರೇಟಿಂಗ್ (ಸೂಕ್ಷ್ಮ ಗೆರೆಗಳಿರುವ ಫಲಕ) ಮೂಲಕ ಒಂದರ ಮೇಲೊಂದು ಕೂರುತ್ತಿದ್ದರೆ ಬಾಗುವ ಕನ್ನಡಿ ತಗೊಳ್ಳಿ. ಹಿಂದಿರುವ ಪುಟ್ಟ ಆಕ್ಚುಯೇಟರ್‌ಗಳು ಅದರ ಮೈಯನ್ನು ಕೆಲವೇ ಮೈಕ್ರೋಮೀಟರ್ ಒತ್ತಿ ಎಳೆಯುತ್ತವೆ. ಲೆನ್ಸ್ ಕಾದು ಫೋಕಸ್ ಜರುಗಿದ್ದು, ಆಸ್ಟಿಗ್ಮ್ಯಾಟಿಸಂ (ಅಡ್ಡ-ಉದ್ದ ದಿಕ್ಕಿನಲ್ಲಿ ಫೋಕಸ್ ಬೇರೆಬೇರೆಯಾಗುವ ದೋಷ), ಗಾಳಿಯ ಏರುಪೇರು ಎಲ್ಲವನ್ನೂ ಒಂದೇ ಕನ್ನಡಿ ನೋಡಿಕೊಳ್ಳುತ್ತದೆ. ಆದರೆ ಪೂರ್ತಿ ಪವರ್ ಅದರ ಮೇಲೇ ಬೀಳುತ್ತದೆ ಅಲ್ವಾ? ಕೋಟಿಂಗಿನಲ್ಲಿ ಉಳಿತಾಯ ಮಾಡಬೇಡಿ. ಕನ್ನಡಿಯೇ ಕಾದರೆ ಹೊಸ ದೋಷ ಹುಟ್ಟುತ್ತದೆ.

ಜೇನುಗೂಡಿನ ಕಣ್ಣುಗಳಂತೆ ಅಕ್ಕಪಕ್ಕ ಜೋಡಿಸಿದ, ಒಂದೇ ತರಂಗಾಂತರದ ಕಿರಣಗಳಾದರೆ ಮೊದಲು ಫೇಸ್ ತಿದ್ದುವ ದಾರಿಯನ್ನೇ ಹಿಡಿಯಿರಿ. ಇಲ್ಲಿ ಪ್ರತಿ ಫೈಬರನ್ನೂ ಪವರ್ ಹೆಚ್ಚಿಸುವ ಆಂಪ್ಲಿಫೈಯರ್‌ಗೆ ಮುಂಚೆ, ಪವರ್ ಕಡಿಮೆ ಇರುವಲ್ಲೇ ಸರಿಮಾಡಬಹುದು. ಕೆಲಸ ಮಾತ್ರ ತುಂಬ ನಾಜೂಕು: 1064 ನ್ಯಾನೋಮೀಟರ್ ಬೆಳಕಿನಲ್ಲಿ ದಾರಿ 532 ನ್ಯಾನೋಮೀಟರ್, ಅಂದರೆ ಅರ್ಧ ತರಂಗಾಂತರ, ಹೆಚ್ಚುಕಡಿಮೆಯಾದರೆ ಸಾಕು, ನಡುವಿನ ಹೊಳಪಿನಲ್ಲಿ ಎರಡು ಕಿರಣ ಒಂದನ್ನೊಂದು ಅಳಿಸಿಬಿಡುತ್ತವೆ. ವೇಗದಲ್ಲಿ ಇದೇ ಮುಂದು. ಒಂದೊಂದು ಕಿರಣದ ಒಳಗಿನ ಸೊಟ್ಟವನ್ನು ಇದು ತಿದ್ದುವುದಿಲ್ಲ, ಅದಕ್ಕೆ ಮತ್ತೆ ಕನ್ನಡಿಯೇ ಬೇಕು.